ಬಿದಿರು ಮತ್ತು ಡೀಸೆಲ್ ಪೈಪಿನಲ್ಲಿ ಮಾಡಿದ ಟಿಲ್ಲರ್ ಎಕ್ಸ್‌ಟೆನ್ಷನ್: ನನ್ನ ಅನುಭವ

ಬಾಗಲಕೋಟೆಯ ಬಿಸಿಲಿಗೆ ರಬ್ಬರ್ ಬಹಳ ದಿನ ಬಾಳುವುದಿಲ್ಲ. ನನ್ನ ಹಾಯಿದೋಣಿಯ ಟಿಲ್ಲರ್ ಎಕ್ಸ್‌ಟೆನ್ಷನ್, ಅಂದರೆ ದೂರದಿಂದ ಚುಕ್ಕಾಣಿ ತಿರುಗಿಸುವ ಕೋಲು, ಕೈಕೊಟ್ಟಿದ್ದೂ ಅದಕ್ಕೇ.

ಆಲಮಟ್ಟಿ ಜಲಾಶಯ 519.60 ಮೀಟರ್‌ವರೆಗೆ ತುಂಬಿದಾಗ ಘಟಪ್ರಭೆಯ ಹಿನ್ನೀರು ನಮ್ಮ ಊರಿನ ಮಗ್ಗುಲಿಗೇ ಬಂದು ನಿಲ್ಲುತ್ತದೆ. ಮುಂಗಾರಿನ ಪಡುವಣ ಗಾಳಿಯೂ ಆಗಲೇ ಜೋರು. ನೀರು, ಗಾಳಿ ಎರಡೂ ಒಟ್ಟಿಗೆ ಸಿಗುವುದು ಆ ಕೆಲವು ತಿಂಗಳು ಮಾತ್ರ. ಅಂಥ ಹೊತ್ತಿನಲ್ಲಿ ಒಂದು ಬಿಡಿಭಾಗಕ್ಕಾಗಿ ದೋಣಿಯನ್ನು ದಡದಲ್ಲಿ ಬಿಡಲು ಮನಸ್ಸು ಬರುತ್ತದಾ? ಈ ಸಾಮಾನು ಇಟ್ಟ ಅಂಗಡಿ ಇಲ್ಲಿ ಹತ್ತಿರದಲ್ಲಿಲ್ಲ. ಹಾಗಾಗಿ ನಾನೇ ಮಾಡಿಕೊಂಡೆ.

ಹಾಯಿದೋಣಿ ನೋಡದವರಿಗೆ ಒಂದು ಮಾತು. ಚುಕ್ಕಾಣಿಯ ತಲೆಗೆ ಸಿಕ್ಕಿಸಿದ ಹಿಡಿಕೋಲೇ ಟಿಲ್ಲರ್. ಗಾಳಿ ಜಾಸ್ತಿಯಾದಾಗ ದೋಣಿ ವಾಲುತ್ತದೆ. ಆಗ ಗಾಳಿ ಬರುವ ಕಡೆಯ ಅಂಚಿನ ಮೇಲೆ ಕೂತು, ಮೈಯನ್ನು ಹೊರಗೆ ಚಾಚಿ, ನಮ್ಮ ಭಾರದಿಂದಲೇ ಅದನ್ನು ನೆಟ್ಟಗೆ ಮಾಡಬೇಕು. ಅಲ್ಲಿಂದ ಟಿಲ್ಲರ್ ಕೈಗೆ ಎಟುಕುವುದಿಲ್ಲ. ಅದಕ್ಕೇ ಟಿಲ್ಲರಿನ ತುದಿಗೆ ಇನ್ನೊಂದು ತೆಳು ಕೋಲು, ನಡುವೆ ಎಲ್ಲ ಕಡೆಗೂ ಬಾಗುವ ಒಂದು ಜಾಯಿಂಟ್. ಇದೇ ಎಕ್ಸ್‌ಟೆನ್ಷನ್. ಕೋಲು ಯಾವುದಾದರೂ ನಡೆಯುತ್ತದೆ. ಜೀವ ಇರುವುದು ಜಾಯಿಂಟಿನಲ್ಲಿ.

ನನ್ನದರಲ್ಲಿ ಆ ಜಾಯಿಂಟ್ ರಬ್ಬರಿನದು. ಅದರ ಮೇಲೆ ಕೂದಲೆಳೆಯಂಥ ಬಿರುಕುಗಳು ಮೊದಲೇ ಕಂಡಿದ್ದವು. ಹೆಬ್ಬೆರಳಿನಿಂದ ಒತ್ತಿ ಬಾಗಿಸಿದರೆ ಬಿರುಕು ಬಾಯಿ ಬಿಡುತ್ತಿತ್ತು. ಒಂದು ದಿನ ಗಾಳಿ ಬೀಸಿದಾಗ ಪೂರ್ತಿ ಕಿತ್ತೇ ಬಂತು. ಕೋಲು ಕೈಯಲ್ಲಿ, ಟಿಲ್ಲರ್ ಅಲ್ಲೇ. ಆಗ ಮಾಡಬೇಕಾದ್ದು ಇಷ್ಟೇ: ಹಾಯಿಯ ಹಗ್ಗ ಸಡಿಲ ಬಿಡಿ, ಒಳಗೆ ಸರಿದು ಕೂರಿ, ಟಿಲ್ಲರನ್ನೇ ನೇರವಾಗಿ ಹಿಡಿದು ದಡಕ್ಕೆ ಬನ್ನಿ.

ಎರಡು ಕೊಂಡಿ ಬೋಲ್ಟುಗಳನ್ನು ಒಂದರೊಳಗೊಂದು ಸಿಕ್ಕಿಸಿದರೂ ಜಾಯಿಂಟ್ ಆಗುತ್ತದೆ. ಸುಲಭ, ಅಗ್ಗ. ಆದರೆ ನನಗೆ ಅದು ಒಪ್ಪಿಗೆಯಿಲ್ಲ. ಕೊಂಡಿಗಳ ನಡುವೆ ಆಟ ಇರುತ್ತದೆ. ಕೈ ಸ್ವಲ್ಪ ಆಡಿಸಿದರೆ ಮೊದಲು ಆ ಸಡಿಲು ತುಂಬಬೇಕು, ಆಮೇಲೆ ಚುಕ್ಕಾಣಿ ತಿರುಗಬೇಕು. ನೀರು ಚುಕ್ಕಾಣಿಯನ್ನು ತಳ್ಳುವುದು ಕೈಗೆ ಗೊತ್ತಾಗುವುದೇ ಹಾಯಿದೋಣಿಯ ಸುಖ. ಅದು ಹೋಗಿಬಿಡುತ್ತದೆ.

ಹಾಗಾಗಿ ಜಾಯಿಂಟಿಗೆ ರಬ್ಬರಿನ ಡೀಸೆಲ್ ಪೈಪಿನ ತುಂಡು, ಕೋಲಿಗೆ ನಾನು ಆರಿಸಿದ್ದು ಗಟ್ಟಿ ಬಿದಿರು. ಹಗುರ, ನೀರಿಗೆ ಬಿದ್ದರೆ ತೇಲುತ್ತದೆ. ಮೇದಾರ ಓಣಿಯಲ್ಲಿ ಒಂದನ್ನು ಕೈಗೆತ್ತಿಕೊಂಡೆ. ಅಂಗಡಿಯ ಹಿರಿಯರು ತಡೆದರು. "ಅದು ಹಸಿ ಐತ್ರಿ, ಬ್ಯಾಡ. ಒಣಗಿದ ಮ್ಯಾಲೆ ಸೀಳತೈತಿ. ಒಣಗಿದ್ದು ಕೊಡ್ತೀನಿ, ತಡೀರಿ." "ಗೆಣ್ಣು ತುದಿಗೆ ಹತ್ರ ಇರಬೇಕು ಕಾಕಾ" ಅಂದೆ. ಅವರೇ ಹುಡುಕಿ, ಗೆಣ್ಣಿನಿಂದ ಒಂದು ಇಂಚು ಬಿಟ್ಟು ಕೊಯ್ದು ಕೊಟ್ಟರು.

ಆ ಗೆಣ್ಣಿಗೆ ಕಾರಣವಿದೆ. ಬಿದಿರಿನ ಬಲವೆಲ್ಲ ಹೊರಗಿನ ಸಿಪ್ಪೆಯಲ್ಲಿ. ಅದನ್ನು ಕೆತ್ತಬಾರದು, ತೂತು ಕೊರೆದರೂ ಅಲ್ಲಿಂದಲೇ ಸೀಳು ಶುರು. ಹಾಗಾಗಿ ಪೈಪನ್ನೇ ಗೆಣ್ಣು ದಾಟಿಸಿ ಏರಿಸಿದೆ, ಗೆಣ್ಣಿನ ಹಿಂದೆ ಬಿಗಿಯಾಗಿ ದಾರ ಸುತ್ತಿದೆ. ಎಷ್ಟು ಎಳೆದರೂ ಉಬ್ಬು ಜಾರಲು ಬಿಡುವುದಿಲ್ಲ.

ಪೈಪು ಸಿಕ್ಕಿದ್ದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ. ಒಳಗೆ ನೂಲಿನ ಪದರ ಇರುವ, ದಪ್ಪ ಗೋಡೆಯ ಡೀಸೆಲ್ ಪೈಪು. ತಂತಿಯ ಪದರದ ಹೈಡ್ರಾಲಿಕ್ ಪೈಪು ತರಬೇಡಿ, ಬಾಗುವುದಿಲ್ಲ, ಒಳಗಿನಿಂದ ತುಕ್ಕೂ ಹಿಡಿಯುತ್ತದೆ. ಬಿದಿರನ್ನು ಅಂಗಡಿಗೇ ಒಯ್ದು ಅಳತೆ ನೋಡಿ. ಸುಲಭವಾಗಿ ಒಳಗೆ ಹೋದರೆ ಆ ಪೈಪು ದೊಡ್ಡದಾಯಿತು ಅಂತಲೇ ಅರ್ಥ. ಮನೆಯಲ್ಲಿ ಕುದಿಯುವ ನೀರಲ್ಲಿ ಪೈಪಿನ ಬಾಯಿ ಅದ್ದಿದರೆ ಮೆತ್ತಗಾಗುತ್ತದೆ. ತಿರುವುತ್ತ ತಿರುವುತ್ತ ಒತ್ತಿದೆ. ಗೆಣ್ಣು ದಾಟುವಾಗ ಒಂದು ಕ್ಷಣ ಹಟ ಹಿಡಿದು, ಆಮೇಲೆ ಗಪ್ಪನೆ ಕೂತಿತು. ಆರಿದ ಮೇಲೆ ಕೈಯಿಂದ ಕೀಳಲು ಆಗಲಿಲ್ಲ.

ಪೈಪಿನ ಇನ್ನೊಂದು ಬಾಯಿಗೆ ಗಟ್ಟಿ ಮರದ ಬೆಣೆ ತುರುಕಿದೆ. ಬೆಣೆ ಇಲ್ಲದಿದ್ದರೆ ಬೋಲ್ಟು ಬಿಗಿದಾಗ ಪೈಪು ಚಪ್ಪಟೆಯಾಗುತ್ತದೆ. ಅದನ್ನು ಟಿಲ್ಲರಿನ ತುದಿಯ ಮೇಲೆ ಮಲಗಿಸಿ, ಎರಡು ಸ್ಟೇನ್‌ಲೆಸ್ ಬೋಲ್ಟು, ಅಗಲ ವಾಶರ್, ತಾನಾಗಿ ಸಡಿಲಾಗದ ನೈಲಾಕ್ ನಟ್ ಹಾಕಿದೆ. ಬೆಣೆಗೂ ಬಿದಿರಿಗೂ ನಡುವೆ ಖಾಲಿ ಬಿಟ್ಟ ಜಾಗವೇ ಬಾಗುವ ಜಾಗ. ನನ್ನ ಪೈಪಿಗೆ ಒಂದೂವರೆ ಇಂಚು ಸರಿಹೋಯಿತು. ಕಡಿಮೆಯಾದರೆ ಕೋಲು ಬಿರುಸು, ಜಾಸ್ತಿಯಾದರೆ ತಳ್ಳಿದಾಗ ಪೈಪು ಮಡಚಿಕೊಳ್ಳುತ್ತದೆ. ಬೋಲ್ಟು ಹಾಕುವ ಮೊದಲೇ ಪೂರ್ತಿ ಅಡ್ಡಕ್ಕೆ, ಪೂರ್ತಿ ಮೇಲಕ್ಕೆ ಬಾಗಿಸಿ ನೋಡಿ.

ದಾರ ಕೊಟ್ಟವರು ಹಿನ್ನೀರಿನ ಮೀನುಗಾರರು. ಬಲೆ ಹೆಣೆಯುವ ನೈಲಾನ್ ದಾರ. ಸುತ್ತಿನ ಪಕ್ಕ ಸುತ್ತು ಕೂರಬೇಕು, ಮಧ್ಯೆ ಉಗುರು ತೂರುವಷ್ಟೂ ಸಂದು ಇರಬಾರದು. ಸುತ್ತಿದ ಮೇಲೆ ಅರಾಲ್ಡೈಟ್ ಸವರಿದೆ. ಅದೇ ದಾರದ ನಾಲ್ಕೆಳೆ ಸೇರಿಸಿ, ಟಿಲ್ಲರಿನಿಂದ ಬಿದಿರಿಗೆ ಜಾಯಿಂಟಿನ ಪಕ್ಕದಲ್ಲೇ ಸಡಿಲವಾಗಿ ಕಟ್ಟಿದೆ. ರಬ್ಬರ್ ಹರಿದರೂ ಕೋಲು ಬಿಟ್ಟುಹೋಗಬಾರದು, ಅಷ್ಟಕ್ಕೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಐದು ನಿಮಿಷದ ಕೆಲಸ.

ಉದ್ದವನ್ನು ನೀರಿಗಿಳಿಯುವ ಮೊದಲೇ, ದಡದ ಮೇಲೆ ನೋಡಿದೆ. ಟಿಲ್ಲರ್ ನಡುವಿಗೆ ಇಟ್ಟು, ಅಂಚಿನಲ್ಲಿ ಹೊರಗೆ ಚಾಚಿ ಕೂತಾಗ ಕೋಲಿನ ತುದಿ ಎದೆಯ ಮುಂದೆ ಬರಬೇಕು. ಆಮೇಲೆ ಈ ಕಡೆಯಿಂದ ಆ ಕಡೆಗೆ ದಾಟಿ ನೋಡಬೇಕು. ಹಾಯಿಯ ಹಗ್ಗಕ್ಕೆ ಸಿಕ್ಕಿಕೊಂಡರೆ ಕೋಲು ಉದ್ದವಾಯಿತು ಅಂತ. ನನ್ನದು ಸುಮಾರು ನಾಲ್ಕು ಅಡಿಗೆ ನಿಂತಿತು. ಹಿಡಿಯುವ ಜಾಗಕ್ಕೆ ಕ್ರಿಕೆಟ್ ಬ್ಯಾಟಿನ ಗ್ರಿಪ್ ಏರಿಸಿದೆ. ಒದ್ದೆ ಕೈಯಲ್ಲೂ ಜಾರುವುದಿಲ್ಲ. ಉಳಿದ ಬಿದಿರಿಗೆ ವಾರ್ನಿಶ್, ಕೊಯ್ದ ತುದಿಗಳಿಗೆ ಇನ್ನೊಂದು ಕೈ ಜಾಸ್ತಿ.

ಈಗ ದೋಣಿ ದಡಕ್ಕೆ ಬಂದ ಕೂಡಲೇ ಟಿಲ್ಲರ್ ಸಮೇತ ಬಿಚ್ಚಿ ಮನೆಗೆ ತರುತ್ತೇನೆ. ತರಲಾಗದ ದಿನ ಜಾಯಿಂಟಿಗೆ ಹಳೆ ಕಾಟನ್ ಬಟ್ಟೆ ಸುತ್ತಿಡುತ್ತೇನೆ. ಪ್ರತಿ ಸಲ ನೀರಿಗಿಳಿಯುವ ಮುಂಚೆ ರಬ್ಬರನ್ನು ಹೆಬ್ಬೆರಳಿನಿಂದ ಬಾಗಿಸಿ ಬಿರುಕು ನೋಡುತ್ತೇನೆ. ಅದೇ ಪೈಪಿನ ಇನ್ನೊಂದು ತುಂಡನ್ನು ಕೊಯ್ದು ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ.