ಮಳೆಗಾಲದ ಕಂಪ್ಯೂಟರ್: ಅಂಗಡಿಗೆ ಹೊರುವ ಮೊದಲು

ಕಳೆದ ಆಷಾಢದಲ್ಲಿ ದೇವಿಮನೆ ಘಟ್ಟದ ಮೇಲಿಂದ ಮಾವನ ಫೋನು. "ಅಪ್ಪಿ, ಬ್ಯಾಂಕಿನ ಸೈಟೇ ತೆರಿತಿಲ್ಲೆ. ವೈರಸ್ ಬಂಜು ಕಾಣ್ತು." ಪರದೆಯ ಬಲಮೂಲೆಯಲ್ಲಿ ತಾರೀಖು ಎಷ್ಟಿದೆ ನೋಡಿ ಅಂದೆ. 2016ರ ಜನವರಿ ಒಂದು!

ವೈರಸ್ಸೂ ಇಲ್ಲ, ಎಂತದೂ ಇಲ್ಲ. ಬ್ಯಾಂಕಿನ ಸೈಟಿಗೆ ಒಂದು ಸುರಕ್ಷತಾ ಪ್ರಮಾಣಪತ್ರ ಇರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರ್ 2016ರಲ್ಲೇ ಕೂತಿದ್ದರೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ ಅಂದುಕೊಂಡು ಬಾಗಿಲು ಹಾಕುತ್ತದೆ.

ಸದ್ಯಕ್ಕೆ ಹೀಗೆ ಮಾಡಿ. ಗಡಿಯಾರದ ಮೇಲೆ ರೈಟ್ ಕ್ಲಿಕ್ ಮಾಡಿ ತಾರೀಖು-ಸಮಯದ ಸೆಟ್ಟಿಂಗ್ಸ್ ತೆರೆಯಿರಿ. ತನ್ನಷ್ಟಕ್ಕೆ ಸಮಯ ಹೊಂದಿಸುವ ಸ್ವಿಚ್ ಆಫ್ ಮಾಡಿ ಕೈಯಿಂದಲೇ ಇವತ್ತಿನ ತಾರೀಖು ಹಾಕಿ. ಆಮೇಲೆ ಆ ಸ್ವಿಚ್ ಮತ್ತೆ ಆನ್ ಮಾಡಿ 'ಸಿಂಕ್ ನೌ' ಒತ್ತಿ. ಗಡಿಯಾರ ವರ್ಷಗಟ್ಟಲೆ ಹಿಂದಿದ್ದಾಗ ಬರೀ ಸಿಂಕ್ ಒತ್ತಿದರೆ ಕೆಲವೊಮ್ಮೆ ಕೆಲಸ ಆಗುವುದಿಲ್ಲ.

ಮರುದಿನ ಮತ್ತೆ ಹಳೇ ತಾರೀಖೇ ಬಂದರೆ ಮದರ್‌ಬೋರ್ಡ್ (ಕ್ಯಾಬಿನೆಟ್ಟಿನೊಳಗಿನ ಮುಖ್ಯ ಹಲಗೆ) ಮೇಲಿನ ಗುಂಡಿಯಂಥ ಸೆಲ್ ಸತ್ತಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್ 2032. ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಪ್ಲಗ್ ಹಾಕಿಟ್ಟರೆ ಇದಕ್ಕೆ ಹೆಚ್ಚು ಕೆಲಸವಿಲ್ಲ. ನಮ್ಮ ಕಡೆ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡುತ್ತೇವೆ ಅಲ್ವಾ? ಆಗೆಲ್ಲ ಗಡಿಯಾರ ಓಡಿಸುವುದು ಈ ಸೆಲ್ಲೇ. ಹಾಗಂತ ಪ್ಲಗ್ ಕೀಳುವುದನ್ನು ಬಿಡಬೇಡಿ, ಸೆಲ್ ಅಗ್ಗ, ಮದರ್‌ಬೋರ್ಡ್ ಅಲ್ಲ. ಪ್ಲಗ್ ತೆಗೆದು, ಪಕ್ಕದ ಕೊಂಡಿ ಒತ್ತಿದರೆ ಸೆಲ್ ಪಟ್ಟನೆ ಮೇಲೇಳುತ್ತದೆ. ಅಕ್ಷರ ಇರುವ ಬದಿ ಮೇಲೆ ಮಾಡಿ ಹೊಸದನ್ನು ಕೂರಿಸಿ. ಮೊದಲ ಸಲ ಆನ್ ಮಾಡಿದಾಗ ಎಫ್1 ಒತ್ತು ಅನ್ನಬಹುದು, ಗಾಬರಿ ಬೇಡ.

ಎರಡನೇ ದೂರು: ಬಂದ್ ಮಾಡಿ ಹಾಕಿದರೂ ನಿಧಾನ. ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಅಂತ ಒಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೆ ಪೂರ್ತಿ ಬಂದ್ ಅಲ್ಲ, ವ್ಯವಸ್ಥೆಯ ಒಳಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಹೊಸದಾಗಿ ಏಳುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. 'ಪರ್ಫಾರ್ಮೆನ್ಸ್'ನಲ್ಲಿ ಸಿಪಿಯು ಕೆಳಗೆ 'ಅಪ್ ಟೈಮ್' ನೋಡಿ. ಮಾವ ದಿನಾ ರಾತ್ರಿ ಬಂದ್ ಮಾಡುವ ಯಂತ್ರ 19 ದಿನ ತೋರಿಸುತ್ತಿತ್ತು! ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ, ಸಾಕು.

ಅಲ್ಲೇ ಇರುವ 'ಸ್ಟಾರ್ಟಪ್ ಆ್ಯಪ್ಸ್' ಪಟ್ಟಿಯನ್ನೂ ನೋಡಿ. ಆನ್ ಆಗುತ್ತಲೇ ಕರೆಯದೆ ಬರುವ ನೆಂಟರೆಲ್ಲ ಇಲ್ಲಿದ್ದಾರೆ. ಬೇಡದ್ದರ ಮೇಲೆ ರೈಟ್ ಕ್ಲಿಕ್, 'ಡಿಸೇಬಲ್'. ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ಬೇಕಾದಾಗ ತೆರೆಯಬಹುದು. ಆ್ಯಂಟಿವೈರಸ್ ಮತ್ತು ಸೌಂಡಿಗೆ ಸಂಬಂಧಿಸಿದ್ದನ್ನು ಮುಟ್ಟಬೇಡಿ.

ಕೆಲಸದ ನಡುವೆ ಕರೆಂಟ್ ಹೋಗಿ ಆಮೇಲೆ ಏನೋ ಎಡವಟ್ಟಾಗುತ್ತಿದ್ದರೆ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಅಡ್ಮಿನ್ ಅಂತ ಬರೆದಿರುವ ಟರ್ಮಿನಲ್ ತೆರೆಯಿರಿ. ಎಸ್, ಎಫ್, ಸಿ ಟೈಪಿಸಿ, ಒಂದು ಸ್ಪೇಸ್, ಓರೆಗೆರೆ (/), ಅದಕ್ಕೆ ತಾಗಿಸಿ 'ಸ್ಕ್ಯಾನ್‌ನೌ', ನಡುವೆ ಎರಡು ಎನ್. ಎಂಟರ್ ಒತ್ತಿ ಚಹಾ ಕುಡಿದು ಬನ್ನಿ. ಹಾಳಾದ ವಿಂಡೋಸ್ ಫೈಲುಗಳನ್ನು ತಾನೇ ಹುಡುಕಿ ಸರಿಮಾಡಲು ನೋಡುತ್ತದೆ.

ಇನ್ನು ಫ್ಯಾನ್ ತಿರುಗುತ್ತದೆ, ಬೀಪ್ ಬೀಪ್ ಅನ್ನುತ್ತದೆ, ಪರದೆ ಮಾತ್ರ ಕಪ್ಪು. ಕರಾವಳಿಯ ಉಪ್ಪುಗಾಳಿಗೂ ಘಟ್ಟದ ಥಂಡಿಗೂ ಇದು ಮಾಮೂಲಿ ಕಾಯಿಲೆ. ರ್‍ಯಾಮ್ ಪಟ್ಟಿಯ (ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿ) ಬಂಗಾರ ಬಣ್ಣದ ಹಲ್ಲುಗಳ ಮೇಲೆ ಕಿಲುಬು ಕೂತಿರುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಮೈಯ ಸ್ಥಿರವಿದ್ಯುತ್ ಹೋಗಲಿ. ಪಟ್ಟಿ ತೆಗೆದು ಆ ಹಲ್ಲುಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಒರೆಸಿ, ಕೊಂಡಿ ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ.

ರಿಪೇರಿ ಆಯ್ತು, ಸ್ವಲ್ಪ ಸುಖಕ್ಕೂ ನೋಡೋಣ. ಸೆಟ್ಟಿಂಗ್ಸ್‌ನ 'ಆ್ಯಕ್ಸೆಸಿಬಿಲಿಟಿ'ಯಲ್ಲಿ 'ಟೆಕ್ಸ್ಟ್ ಸೈಜ್' ಇದೆ, ಅಕ್ಷರ 225 ಪ್ರತಿಶತದವರೆಗೆ ದೊಡ್ಡದಾಗುತ್ತದೆ. ಕನ್ನಡ ಬರೆಯಲು ವಿಂಡೋಸ್ 11ರಲ್ಲಿ ಬೇರೆ ತಂತ್ರಾಂಶ ಬೇಕಿಲ್ಲ. 'ಟೈಮ್ ಆ್ಯಂಡ್ ಲ್ಯಾಂಗ್ವೇಜ್'ನಲ್ಲಿ ಕನ್ನಡ ಸೇರಿಸಿ. ಮೆನುಗಳೂ ಕನ್ನಡವಾಗುವುದು ಬೇಡವಾದರೆ ಡಿಸ್‌ಪ್ಲೇ ಭಾಷೆಯ ಟಿಕ್ ತೆಗೆಯಿರಿ. ಆಮೇಲೆ ಕೀಬೋರ್ಡ್ ಪಟ್ಟಿಯಿಂದ 'ಕನ್ನಡ ಫೊನೆಟಿಕ್' ಆರಿಸಿ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಮಾವ ಈಗ ಅಡಿಕೆ ಮರ ಹತ್ತಿ ಕೊಳೆರೋಗದ ಔಷಧಿ ಹೊಡೆದ ಕೊನೆಗೌಡರ ಲೆಕ್ಕವನ್ನು ಕನ್ನಡದಲ್ಲೇ ಬರೆಯುತ್ತಾರೆ. ಅಕ್ಷರ ಎಷ್ಟು ದೊಡ್ಡದಿಟ್ಟಿದ್ದಾರೆ ಅಂದರೆ, ಅತ್ತೆ ಅಡುಗೆಮನೆ ಬಾಗಿಲಲ್ಲೇ ನಿಂತು ಕೂಡಿಸಿದ್ದು ತಪ್ಪಿದೆ ಅನ್ನುತ್ತಾರೆ.