ಟ್ಯಾಂಕ್ ಫುಲ್ ಮಾಡಿಸಿದರೆ ಮಾತ್ರ ಸೋರುವ ಕಾರು

ಟ್ಯಾಂಕ್ ಫುಲ್ ಮಾಡಿಸಿದ ಮರುದಿನ ಮಾತ್ರ ಜೋರು ಪೆಟ್ರೋಲ್ ವಾಸನೆ. ಅರ್ಧ ಟ್ಯಾಂಕ್ ಇದ್ದಾಗ ಕಾರಿನ ಕೆಳಗೆ ನೆಲ ಒಣ. ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ನಿಲ್ಲಿಸಿ, ಮಧ್ಯಾಹ್ನದ ಬಿಸಿಲು ಏರಿದ ಮೇಲೆ ಹಿಂದಿನ ಎಡ ಚಕ್ರದ ಹತ್ತಿರ ತೊಟ್ಟಿಕ್ಕಲು ಶುರು.

ನಮ್ಮದು ಹದಿನೆಂಟು ವರ್ಷ ದಾಟಿದ ಸಣ್ಣ ಕಾರು. ತಗಡಿನ ಟ್ಯಾಂಕ್, 35 ಲೀಟರ್ ಹಿಡಿಯುತ್ತದೆ. ಊರಿನ ಗ್ಯಾರೇಜಿನಲ್ಲಿ ಬಗ್ಗಿ ಒಂದು ಸಲ ನೋಡಿ, 'ಟ್ಯಾಂಕ್ ತೂತು ಬಿದ್ದಿದೆ, ಬದಲಾಯಿಸಿಬಿಡಿ' ಅಂದರು. ಪಕ್ಕದ ಮನೆಯವರು ಇಲಿ ಕಡಿದಿದೆ ಅಂದರು. ನಮ್ಮ ಭಾವನಿಗೆ ಎಲ್ಲದಕ್ಕೂ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲೇ ಕಾರಣ. ಮೂರೂ ಆಗದ ಮಾತೇನಲ್ಲ. ಆದರೆ ಮೂವರೂ ಒಂದು ವಿಷಯ ಕೇಳಲೇ ಇಲ್ಲ: ಫುಲ್ ಇದ್ದಾಗ ಮಾತ್ರ ಯಾಕೆ?

ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿತ್ತು. ಕಾರನ್ನು ಮನೆಯಿಂದ ದೂರ ಇಡುವುದು. ನಮ್ಮ ಮನೆ ಶಿವಮೊಗ್ಗ ಜಿಲ್ಲೆಯಲ್ಲಿ, ಅಂಗಳ ಇಳಿಜಾರು. ಕಾರು ನಿಲ್ಲಿಸುವ ಜಾಗ ಮೇಲೆ, ಬಚ್ಚಲ ಒಲೆ ಕೆಳಗೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಮೇಲಕ್ಕೆ ಹಾರಿಹೋಗುವುದಿಲ್ಲ, ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ. ಗಾಳಿಯಲ್ಲಿ ಶೇಕಡಾ ಒಂದೂವರೆಯಷ್ಟು ಸೇರಿದರೂ ಹೊತ್ತಿಕೊಳ್ಳುವುದಕ್ಕೆ ಸಾಕು. ಬೆಳಗ್ಗೆ ಆರಕ್ಕೆ ಒಲೆ ಉರಿ ಹಾಕುವ ಮನೆಯಲ್ಲಿ ಇದು ಸುಮ್ನೆ ಬಿಡುವ ವಿಷಯ ಅಲ್ಲ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಇರುವವರಿಗೆ ಒಲೆ ಇರಲಿಕ್ಕಿಲ್ಲ, ಸಂಪ್ ಮೋಟರ್ ಇರುತ್ತದೆ, ಇನ್ವರ್ಟರ್ ಇರುತ್ತದೆ. ಅವೂ ಕಿಡಿ ಹಾರಿಸುತ್ತವೆ.

ಹಾಗಾಗಿ ಸ್ಟಾರ್ಟ್ ಮಾಡದೆ, ಗೇರ್ ನ್ಯೂಟ್ರಲ್‌ಗೆ ಹಾಕಿ, ಇಬ್ಬರು ಸೇರಿ ತಳ್ಳಿಕೊಂಡು ರಸ್ತೆ ಪಕ್ಕದ ಬಯಲಿಗೆ ಒಯ್ದೆವು. ಸ್ಟೇರಿಂಗ್ ಲಾಕ್ ಬಿಡಿಸಲು ಕೀ ಒಂದು ಗುರುತಿನಷ್ಟು ಮಾತ್ರ ತಿರುಗಿಸಿದೆ. ಪೂರ್ತಿ ಆನ್ ಮಾಡಿದರೆ, ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಕಾರಿನಲ್ಲಿ ಟ್ಯಾಂಕಿನ ಒಳಗಿನ ಪಂಪ್ ಒಂದೆರಡು ಸೆಕೆಂಡ್ ಓಡಿ ಪೈಪಿಗೆ ಒತ್ತಡ ತುಂಬುತ್ತದೆ. ಎಲ್ಲಿ ಸೋರುತ್ತಿದೆ ಅಂತ ಗೊತ್ತಿಲ್ಲದಾಗ ಅದು ಬೇಡ. ಬಯಲಲ್ಲಿ ನಿಲ್ಲಿಸಿ, ಗಾಳಿಯಾಡಲು ಬಿಟ್ಟು, ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಪಕ್ಕದಲ್ಲಿ ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ಇಟ್ಟುಕೊಂಡೆ. ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಅದು ನೀರಿನ ಮೇಲೆ ತೇಲಿಕೊಂಡು ಇನ್ನಷ್ಟು ದೂರ ಹರಡುತ್ತದೆ. ಹತ್ತಿ ಬಟ್ಟೆ, ಎಲ್‌ಇಡಿ ಟಾರ್ಚ್, ಅದನ್ನೂ ದೂರದಲ್ಲೇ ಹಚ್ಚಿಕೊಂಡು ಬರುವುದು. ಗ್ಯಾರೇಜುಗಳಲ್ಲಿ ವೈರ್ ಎಳೆದು ತೂಗುಹಾಕುವ ಬಲ್ಬ್ ಇರುತ್ತದಲ್ವಾ, ಅದು ಕೈಜಾರಿ ಒಡೆದರೆ ಮುಗೀತು.

ಈಗ ಹನಿಯ ವಿಚಾರ. ಕಾರಿನ ಕೆಳಗೆ ಒದ್ದೆ ಕಂಡ ಕೂಡಲೇ ಪೆಟ್ರೋಲ್ ಅಂದುಕೊಳ್ಳುವ ಹಾಗಿಲ್ಲ. ಎಸಿ ನೀರೂ ಬೀಳುತ್ತದೆ, ಆದರೆ ಅದು ಮುಂಭಾಗದಲ್ಲಿ. ಸೈಲೆನ್ಸರ್‌ನಿಂದಲೂ ನೀರು ಬೀಳುತ್ತದೆ. ಮೂಗಿಗೆ ಗೊತ್ತಾಗುತ್ತದೆ ನಿಜ, ಆದರೆ ಒಂದು ಸಲ ವಾಸನೆ ಹಿಡಿದ ಮೂಗು ಆಮೇಲೆ ಎಲ್ಲವನ್ನೂ ಪೆಟ್ರೋಲ್ ಅನ್ನುತ್ತದೆ. ನಾನು ಹಳೇ ನ್ಯೂಸ್ ಪೇಪರ್ ಬಿಡಿಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ ಹಾಸಿದೆ. ನೀರು ಬಿದ್ದ ಕಾಗದ ಒಣಗಿದ ಮೇಲೆ ಸುಕ್ಕುಗಟ್ಟಿ ಉಬ್ಬಿಕೊಳ್ಳುತ್ತದೆ. ಪೆಟ್ರೋಲ್ ಬಿದ್ದ ಜಾಗ ಮೊದಲು ಎಣ್ಣೆ ಕಾಗದದ ಹಾಗೆ ಪಾರದರ್ಶಕವಾಗಿ, ಹಿಂದಿನ ಪುಟದ ಅಕ್ಷರ ಕಾಣಿಸುತ್ತದೆ. ಆಮೇಲೆ ಆರಿದರೆ ಕಾಗದ ಹೆಚ್ಚುಕಡಿಮೆ ಮೊದಲಿನ ಹಾಗೇ ಸಪಾಟು, ಅಂಚಿನಲ್ಲಿ ಕಂದು ಗೆರೆ ಮಾತ್ರ ಉಳಿಯುತ್ತದೆ. ಟ್ಯಾಂಕಿನ ಮೇಲಿನ ಧೂಳು, ಜಿಡ್ಡು ತೊಳೆದುಕೊಂಡು ಬಂದದ್ದು ಆ ಗೆರೆ. ನನ್ನ ಪೇಪರಿನಲ್ಲಿ ಅಂಥ ಗೆರೆ ಒಂದರೊಳಗೊಂದು ಉಂಗುರವಾಗಿ ಬಿದ್ದಿತ್ತು. ಪೆಟ್ರೋಲೇ ಅನ್ನುವುದು ಖಾತ್ರಿಯಾಯಿತು.

ಹನಿ ಬೀಳುತ್ತಿದ್ದದ್ದು ಟ್ಯಾಂಕ್ ಹಿಡಿದಿರುವ ತಗಡಿನ ಪಟ್ಟಿಯ ಬೋಲ್ಟಿನ ತುದಿಯಿಂದ. ಗ್ಯಾರೇಜಿನವರು ಟ್ಯಾಂಕ್ ತಳವೇ ತೂತು ಅಂದದ್ದು ಇದನ್ನು ನೋಡಿಯೇ. ಆದರೆ ಹನಿ ಬೀಳುವ ಜಾಗಕ್ಕೂ ಸೋರುವ ಜಾಗಕ್ಕೂ ಸಂಬಂಧ ಕಡಿಮೆ. ಮೇಲೆ ಎಲ್ಲೋ ಒಸರಿದ್ದು ಟ್ಯಾಂಕಿನ ಮೈ ಹಿಡಿದು ಇಳಿದು, ಅಂಚು ಬಳಸಿ, ಪಟ್ಟಿ ಸಿಕ್ಕಿದರೆ ಪಟ್ಟಿಯ ಮೇಲೆ ಹರಿದು, ಎಲ್ಲಕ್ಕಿಂತ ಕೆಳಗಿನ ಮೊನೆ ಹುಡುಕಿ ಅಲ್ಲಿಂದ ಬೀಳುತ್ತದೆ. ಒಂದಡಿ, ಎರಡಡಿ ದೂರ ಹೋಗುವುದು ಸಾಮಾನ್ಯ.

ತಳದಲ್ಲಿ ತೂತಿದ್ದರೆ ಅರ್ಧ ಟ್ಯಾಂಕ್ ಇದ್ದಾಗಲೂ ಸೋರಬೇಕು. ಕಾಲು ಟ್ಯಾಂಕಿಗೂ ಸೋರಬೇಕು. ನಿಂತ ಕಾರಿನಲ್ಲಿ ಪಂಪಿನ ಒತ್ತಡ ಇಲ್ಲ, ಪೆಟ್ರೋಲು ತನ್ನ ಭಾರಕ್ಕೆ ತಾನು ಇಳಿಯುವುದು ಅಷ್ಟೇ. ತೂತಿಗಿಂತ ಮೇಲೆ ಪೆಟ್ರೋಲ್ ಇದ್ದರೆ ಸೋರುತ್ತದೆ, ಮಟ್ಟ ತೂತಿನಿಂದ ಕೆಳಗಿಳಿದರೆ ನಿಲ್ಲುತ್ತದೆ. ಅಂದರೆ ಸೋರಿಕೆ ಯಾವ ಮಟ್ಟಕ್ಕೆ ನಿಲ್ಲುತ್ತದೋ ಅದೇ ತೂತಿನ ಎತ್ತರ. ಇಡೀ ಪತ್ತೆದಾರಿಕೆ ನಿಂತಿರುವುದು ಈ ಒಂದು ಮಾತಿನ ಮೇಲೆ.

ಮಟ್ಟ ನೋಡಲು ಮೀಟರಿನ ಮುಳ್ಳು ನಂಬಬಾರದು. ಟ್ಯಾಂಕಿನ ಒಳಗಿನ ಫ್ಲೋಟ್ ಮೇಲೆ ಹೋಗಿ ತಾಗಿ ನಿಂತುಬಿಡುತ್ತದೆ. ಮೊದಲ ಕೆಲವು ಲೀಟರ್ ಖಾಲಿಯಾಗುವವರೆಗೂ ಮುಳ್ಳು ಫುಲ್‌ನಲ್ಲೇ ಇರುತ್ತದೆ. ನನಗೆ ಬೇಕಾದದ್ದೇ ಆ ಮೊದಲ ಲೀಟರುಗಳ ಲೆಕ್ಕ. ಹಾಗಾಗಿ ಕಿಲೋಮೀಟರ್ ಲೆಕ್ಕ ಹಿಡಿದೆ. ಹನಿ ಮತ್ತು ವಾಸನೆ ಕಡಿಮೆಯಾದ ಹೊತ್ತಿನಲ್ಲಿ, ಬ್ಯಾಟರಿ ಜೋಡಿಸಿ, ಸ್ವಲ್ಪ ಸ್ವಲ್ಪ ಓಡಿಸಿ, ಮತ್ತೆ ಬಯಲಲ್ಲಿ ನಿಲ್ಲಿಸಿ ಪೇಪರ್ ನೋಡುವುದು. ಫುಲ್ ಮಾಡಿಸಿದ ಮೇಲೆ ಸುಮಾರು 60 ಕಿಲೋಮೀಟರ್ ಓಡಿದ ನಂತರ ಪೇಪರ್ ಒಣಗಿಯೇ ಉಳಿಯಿತು. ಲೀಟರಿಗೆ 15 ಕೊಡುವ ಕಾರು, ಅಂದರೆ 4 ಲೀಟರ್. ನಮ್ಮ ಟ್ಯಾಂಕ್ ಚಪ್ಪಟೆ, ಎತ್ತರ ಒಂದು ಗೇಣು ಬರುತ್ತದೆ ಅಷ್ಟೇ. 35ರಲ್ಲಿ 4 ಲೀಟರ್ ಅಂದರೆ ಮೇಲಿನ ಎರಡೂವರೆ ಸೆಂಟಿಮೀಟರ್. ಸೋರಿಕೆ ಆ ಎರಡೂವರೆ ಸೆಂಟಿಮೀಟರ್ ಒಳಗೆ ಅಥವಾ ಅದಕ್ಕೂ ಮೇಲೆ ಎಲ್ಲೋ ಇದೆ. ಟ್ಯಾಂಕ್ ಬದಲಾಯಿಸುವ ಮಾತು ಅಲ್ಲಿಗೆ ಬಿತ್ತು.

ಮೇಲ್ಭಾಗದಲ್ಲಿ ಇರುವುದು ಮೂರು-ನಾಲ್ಕೇ ಜಾಗ. ಪಂಪ್ ಕೂರಿಸಿದ ಮುಚ್ಚಳದ ಸೀಲ್. ಪೆಟ್ರೋಲ್ ಹಾಕುವ ದೊಡ್ಡ ಪೈಪ್ ಸೇರುವ ಜಾಗ. ಅದರ ಪಕ್ಕದಲ್ಲೇ ಬರುವ ಸಣ್ಣ ಬ್ರೀದರ್ ಪೈಪ್, ಪೆಟ್ರೋಲ್ ಒಳಗೆ ಹೋಗುವಾಗ ಟ್ಯಾಂಕಿನ ಗಾಳಿ ಹೊರಬರುವ ದಾರಿ ಅದು. ಮತ್ತೆ ಆವಿಯನ್ನು ಇದ್ದಿಲು ತುಂಬಿದ ಡಬ್ಬಿಗೆ ಒಯ್ಯುವ ಪೈಪ್.

ಇವುಗಳಲ್ಲಿ ಯಾವುದು ಅಂತ ತಿಳಿಯಲು ಅಂಗಳದ ಇಳಿಜಾರಿನ ಪಾಠ ನೆನಪಾಯಿತು. ಕಾರಿನ ಮೂತಿ ಮೇಲಾಗಿ ನಿಲ್ಲಿಸಿದರೆ ಪೆಟ್ರೋಲ್ ಟ್ಯಾಂಕಿನ ಹಿಂಭಾಗಕ್ಕೆ ಸರಿಯುತ್ತದೆ, ಮೂತಿ ಕೆಳಗಾದರೆ ಮುಂಭಾಗಕ್ಕೆ. ಬಯಲಿನ ಪಕ್ಕದ ಏರಿನಲ್ಲಿ ಎರಡೂ ರೀತಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ನೋಡಿದೆ. ಮೂತಿ ಮೇಲಾದಾಗ ಹನಿ ಜಾಸ್ತಿ. ಮೂತಿ ಕೆಳಗಾದಾಗ ಫುಲ್ ಟ್ಯಾಂಕಿಗೂ ಬರೀ ಪಸೆ. ನಮ್ಮ ಕಾರಿನಲ್ಲಿ ಪಂಪ್ ಇರುವುದು ಮುಂಭಾಗಕ್ಕೆ, ಪೆಟ್ರೋಲ್ ಹಾಕುವ ಪೈಪ್ ಬಂದು ಸೇರುವುದು ಹಿಂದೆ ಎಡಕ್ಕೆ.

ಆದರೂ ಹಿಂದಿನ ಸೀಟ್ ಎತ್ತಿ, ತಗಡಿನ ಮುಚ್ಚಳ ಬಿಚ್ಚಿ ಪಂಪ್ ನೋಡಿದೆ. ಐದು ನಿಮಿಷದ ಕೆಲಸ, ಬಿಡುವುದು ಯಾಕೆ. ಸೀಲಿನ ಸುತ್ತ ವರ್ಷಗಟ್ಟಲೆಯ ಕೆಂಪು ಧೂಳು ಹಿಟ್ಟಿನಂತೆ ಕೂತಿತ್ತು. ಪೆಟ್ರೋಲ್ ಒಂದು ಸಲ ಒಸರಿದರೂ ಧೂಳು ತೊಳೆದುಹೋಗಿ ತಗಡು ಹೊಳೆಯುತ್ತದೆ, ಇಲ್ಲವೇ ಅಂಟಿ ಕಪ್ಪಾಗುತ್ತದೆ. ಇಲ್ಲಿ ಜೇಡರ ಬಲೆ ಕೂಡ ಹರಿದಿರಲಿಲ್ಲ. ಇಲಿ ಹಿಕ್ಕೆಯೂ ಇಲ್ಲ, ಕಡಿದ ಗುರುತೂ ಇಲ್ಲ. ಇಲಿ ಕಡಿದರೆ ಜೋಡಿ ಹಲ್ಲಿನ ಗೀರು ನಿಚ್ಚಳವಾಗಿ ಕಾಣುತ್ತದೆ.

ಮುಂದಿನ ಕೆಲಸಕ್ಕೆ ಟ್ಯಾಂಕ್ ಇಳಿಸಬೇಕಾಗಲಿಲ್ಲ. ಆ ಹೊತ್ತಿಗೆ ಪೆಟ್ರೋಲ್ ಓಡಿಸಿಯೇ ಕಾಲು ಭಾಗಕ್ಕೆ ತಂದಿದ್ದೆ. ಪೈಪ್ ಹಾಕಿ ಬಾಯಲ್ಲಿ ಎಳೆದು ಬಕೆಟ್ಟಿಗೆ ತೆಗೆಯುವ ಚಾಳಿ ನಮ್ಮ ಕಡೆ ಇದೆ, ದಯವಿಟ್ಟು ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ಟ್ಯಾಟಿಕ್ ಕಿಡಿಯ ಭಯ ಬೇರೆ.

ಕಾರನ್ನು ಜಾಕ್ ಸ್ಟ್ಯಾಂಡಿನ ಮೇಲೆ ಕೂರಿಸಿ, ಹಿಂದಿನ ಎಡ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆದೆ. ಒಂದು ಬೊಗಸೆ ಕೆಸರು ಬಿತ್ತು. ಅದರ ಹಿಂದೆ ಎರಡು ಪೈಪ್. ದೊಡ್ಡದು ಮೇಲ್ನೋಟಕ್ಕೆ ಸರಿ ಇತ್ತು. ಸಣ್ಣದರ ಕೆಳತುದಿ, ಟ್ಯಾಂಕಿಗೆ ಸೇರುವ ಜಾಗದಲ್ಲಿ ಮಾತ್ರ ಕೆಸರೇ ಇಲ್ಲ. ಎರಡು ಬೆರಳಗಲ ಸ್ವಚ್ಛವಾಗಿ ತೊಳೆದ ತಗಡು, ಅಲ್ಲಿಂದ ಪಟ್ಟಿಯವರೆಗೆ ಒಂದು ಕಂದು ಗೆರೆ.

ಆದರೂ ಕಣ್ಣಾರೆ ಕಾಣುವವರೆಗೆ ಖಾತ್ರಿ ಅಂತ ಹೇಳಬಾರದು. ಎರಡೂ ಪೈಪಿನ ತುದಿಗಳನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಿದೆ. ಲೈನರ್ ಇಲ್ಲದೆಯೇ ಚಕ್ರ ಹಾಕಿ, ಹತ್ತಿರದ ಬಂಕಿನಲ್ಲಿ ತುಂಬಿಸಿ ತಂದು ಮೂತಿ ಮೇಲೆ ಮಾಡಿ ನಿಲ್ಲಿಸಿದೆ. ಬಿಸಿಲು ಏರಿದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ, ದೊಡ್ಡ ಪೈಪಿನ ಪೌಡರ್ ಬಿಳಿಯಾಗೇ ಇದೆ. ಸಣ್ಣ ಪೈಪಿನಲ್ಲಿ ಕ್ಲಿಪ್ಪಿನ ಅಂಚಿನಿಂದ ಕೂದಲೆಳೆಯಷ್ಟು ಬೂದು ಗೆರೆ ಹೊರಟಿತ್ತು. ನೋಡುತ್ತಿದ್ದ ಹಾಗೇ ಗೆರೆ ಅಗಲವಾಗಿ ಕೆಳಗೆ ಹನಿ ಕಟ್ಟಿತು.

ಬಿಸಿಲಿಗೂ ಇದಕ್ಕೂ ಏನು ಸಂಬಂಧ? ಬಂಕಿನ ಟ್ಯಾಂಕ್ ನೆಲದ ಒಳಗೆ ತಣ್ಣಗಿರುತ್ತದೆ. ಪೆಟ್ರೋಲ್ ಒಂದು ಡಿಗ್ರಿ ಬಿಸಿಯಾದರೆ ಸಾವಿರದಲ್ಲಿ ಒಂದು ಪಾಲು ಹತ್ತಿರಹತ್ತಿರ ಹಿಗ್ಗುತ್ತದೆ. 35 ಲೀಟರ್ 10 ಡಿಗ್ರಿ ಬಿಸಿಯಾದರೆ 300 ಮಿಲಿ ಮೀರಿ ಹಿಗ್ಗಿತು. ಅದಕ್ಕೆಂದೇ ಟ್ಯಾಂಕಿನಲ್ಲಿ ಮೇಲೆ ಜಾಗ ಬಿಟ್ಟಿರುತ್ತಾರೆ, ಬಂಕಿನ ಗನ್ ತಾನಾಗಿ ನಿಂತು ಆಟೋ ಕಟ್ ಆಗುವುದೂ ಆ ಜಾಗ ತುಂಬುವುದಕ್ಕೆ ಮುಂಚೆ. ಆದರೆ ನಮ್ಮಲ್ಲಿ ಆಟೋ ಕಟ್ ಆದ ಮೇಲೆ 'ರೌಂಡ್ ಮಾಡ್ಲಾ ಸಾರ್?' ಅಂತ ಕೇಳುತ್ತಾರಲ್ವಾ, ಆ ನಲವತ್ತು-ಐವತ್ತು ರೂಪಾಯಿಯ ಪೆಟ್ರೋಲ್ ಹೋಗಿ ಕೂರುವುದು ಇದೇ ಜಾಗದಲ್ಲಿ. ಮಧ್ಯಾಹ್ನ ಹಿಗ್ಗಿದ ಪೆಟ್ರೋಲ್ ಬ್ರೀದರ್ ಪೈಪ್ ಹತ್ತದೆ ಇನ್ನೆಲ್ಲಿಗೆ ಹೋಗಬೇಕು? ಇದ್ದಿಲ ಡಬ್ಬಿಗೆ ನುಗ್ಗಿದರೆ ಅದೂ ಹಾಳು. ಆವಿ ಹೀರಲು ಇರುವ ಡಬ್ಬಿ ಅದು, ಪೆಟ್ರೋಲ್ ಕುಡಿಯಲು ಅಲ್ಲ.

ಮತ್ತೆ ಓಡಿಸಿ ಮಟ್ಟ ಇಳಿಸಿ, ಹಳೇ ಪೈಪ್ ಕಳಚಿದೆ. ಕೈಯಲ್ಲಿ ಹಿಡಿದರೆ ರಬ್ಬರ್ ಅನ್ನಿಸಲಿಲ್ಲ, ಕಟ್ಟಿಗೆ. ನೇರ ಹಿಡಿದರೆ ನಯ, ಸ್ವಲ್ಪ ಬಗ್ಗಿಸಿದರೆ ಉದ್ದಕ್ಕೂ ಬಿರುಕು ಬಾಯಿ ತೆರೆಯುತ್ತಿತ್ತು. ಯಾರೋ ಹಿಂದೆ ಹಾಕಿದ್ದ ಸ್ಕ್ರೂ ಕ್ಲಿಪ್ಪಿನ ಹಲ್ಲು ರಬ್ಬರಿನೊಳಗೆ ಇಳಿದು, ಒಂದು ಬಿರುಕು ಅಲ್ಲಿಂದಲೇ ಒಳಪದರದವರೆಗೆ ಹೋಗಿತ್ತು.

ಭಾವ ಇಷ್ಟು ಕಂಡದ್ದೇ ಇ20 ವಾದ ಶುರು ಮಾಡಿದ. ಇ20 ಪೆಟ್ರೋಲ್ ಬಂಕಿಗೆ ಬರಲು ಶುರುವಾದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾಗಿ. ಅದಕ್ಕೆಂದು ಮಾಡದ ಹಳೇ ರಬ್ಬರನ್ನು ಎಥನಾಲ್ ಉಬ್ಬಿಸಿ ಹಾಳು ಮಾಡಬಲ್ಲದು, ನಿಜ. ಆದರೆ ಈ ಪೈಪಿನ ಬಿರುಕುಗಳು ಹೊರಗಡೆಯಿಂದ ಒಳಕ್ಕೆ ಹೋಗಿದ್ದವು. ಒಳಮೈ ಹೊರಗಿಗಿಂತ ಮೆತ್ತಗಿತ್ತು. ಬಿಸಿಲು, ಗಾಳಿ, ಕೆಸರು, ವಯಸ್ಸು ಮತ್ತು ಆ ಕ್ಲಿಪ್ಪು, ನನ್ನ ಪ್ರಕಾರ ಇಷ್ಟೇ.

ಹೊಸ ಪೈಪಿಗೆ ಅಂಗಡಿಯಲ್ಲಿ ಮೊದಲು ಕೊಟ್ಟದ್ದು ಪಾರದರ್ಶಕ ಪ್ಲಾಸ್ಟಿಕ್ ಪೈಪ್, 'ಎಲ್ಲರೂ ಇದನ್ನೇ ಒಯ್ಯುತ್ತಾರೆ' ಅಂತ. ಪೆಟ್ರೋಲ್ ತಾಗಿದರೆ ಅದು ಕೆಲವೇ ತಿಂಗಳಲ್ಲಿ ಗಟ್ಟಿಯಾಗಿ ಸೀಳುತ್ತದೆ. ಒರಿಜಿನಲ್ ಬಾಗಿದ ಪೈಪನ್ನೇ ಆರ್ಡರ್ ಮಾಡಿ ತರಿಸಿದೆ. ಸಿಗದಿದ್ದರೆ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ (ಪೆಟ್ರೋಲ್ ಪೈಪಿನ ಮಾನದಂಡದ ಗುರುತು ಅದು) ಅಚ್ಚು ಹಾಕಿದ ಫ್ಯುಯೆಲ್ ಹೋಸ್ ಕೇಳಬಹುದು, ಆದರೆ ಅದನ್ನು ಮಡಿಕೆ ಬೀಳದ ಹಾಗೆ ಬಗ್ಗಿಸುವುದು ಕಷ್ಟ. ಟ್ಯಾಂಕಿನ ಕೊಳವೆಯ ತುಕ್ಕನ್ನು ಕೈಯಲ್ಲೇ ಎಮರಿ ಕಾಗದದಿಂದ ಉಜ್ಜಿದೆ, ಗ್ರೈಂಡರ್ ಮಾತ್ರ ಅಲ್ಲಿ ಸುಳಿಯಬಾರದು. ಕೊಳವೆಯ ತುದಿಯಲ್ಲಿ ಒಂದು ಉಬ್ಬು ಇರುತ್ತದೆ. ಪೈಪ್ ಆ ಉಬ್ಬನ್ನು ದಾಟಿ ಒಂದಿಂಚು ಒಳಗೆ ಹೋಗಬೇಕು, ಕ್ಲಿಪ್ ಉಬ್ಬಿನ ಆಚೆ ಕೂರಬೇಕು. ಸ್ಕ್ರೂ ಕ್ಲಿಪ್ ಬದಲು ಸ್ಪ್ರಿಂಗ್ ಕ್ಲಿಪ್ ಹಾಕಿದೆ. ರಬ್ಬರ್ ಕುಗ್ಗಿದಂತೆ ಅದೂ ತಾನಾಗಿ ಬಿಗಿಯಾಗುತ್ತಾ ಹೋಗುತ್ತದೆ. ದೊಡ್ಡ ಪೈಪಿಗೂ ಅದೇ ವಯಸ್ಸು, ಕೈ ಹಾಕಿದ ಮೇಲೆ ಅದನ್ನೂ ಬದಲಾಯಿಸಿದೆ.

ಮತ್ತೆ ಪೌಡರ್ ಹಚ್ಚಿ, ಆಟೋ ಕಟ್ ಆಗುವವರೆಗೆ ತುಂಬಿಸಿ, ಮೂತಿ ಮೇಲೆ ಮಾಡಿ ಬಿಸಿಲಿಗೆ ನಿಲ್ಲಿಸಿದೆ. ಸಂಜೆಯವರೆಗೂ ಪೌಡರ್ ಬಿಳಿ, ಪೇಪರ್ ಒಣ. ಅರ್ಧ ಟ್ಯಾಂಕಿನಲ್ಲೂ ಡಿಕ್ಕಿ ತೆರೆದಾಗ ಬರುತ್ತಿದ್ದ ತೆಳು ವಾಸನೆ ಕೂಡ ಹೋಯಿತು. ಹನಿ ನಿಂತ ಮೇಲೂ ಆ ಬಿರುಕಿನಿಂದ ಆವಿ ಬರುತ್ತಲೇ ಇದ್ದಿರಬೇಕು. ಲೈನರ್ ವಾಪಸ್ ಹಾಕುವಾಗ ಅದರ ಪ್ಲಾಸ್ಟಿಕ್ ಗುಂಡಿಗಳು ಮುರಿದವು, ಹಳೇ ಕಾರಿನಲ್ಲಿ ಅವು ಮುರಿಯದೆ ಬರುವುದೇ ಇಲ್ಲ. ಪೈಪ್ ತರಿಸುವಾಗಲೇ ಒಂದು ಹಿಡಿ ಗುಂಡಿ ಸೇರಿಸಿ ತರಿಸಿಕೊಳ್ಳಿ.