ಲೋಟ ಅಲುಗದ ಹಾಗೆ: ಉಬ್ಬು ಹೆಣಿಗೆಯ ಕ್ರೋಶಾ ಕೋಸ್ಟರ್, ನನ್ನ ಅನುಭವ

ಸಾಗರದ ನಮ್ಮ ಮನೆಯ ಜಗುಲಿಯಲ್ಲಿರುವ ಬೀಟೆ ಮರದ ಟೀಪಾಯಿಗೆ ಪಾಲಿಶ್ ಮಾಡಿಸಿ ಇನ್ನೂ ತಿಂಗಳು ತುಂಬಿರಲಿಲ್ಲ. ಅಷ್ಟರಲ್ಲೇ ಬಿಸಿ ಕಷಾಯದ ಲೋಟವೊಂದು ಅದರ ಮೇಲೆ ಬೆಳ್ಳನೆಯ ಉಂಗುರವನ್ನು ಮೂಡಿಸಿಬಿಟ್ಟಿತು. ಕ್ರೋಶಾ ಕಡ್ಡಿ ನನ್ನ ಕೈಗೆ ಹೊಸದೇನೂ ಅಲ್ಲ. ಬಾಗಿಲ ತೋರಣ, ಹಾಲಿನ ಪಾತ್ರೆಗೆ ಮಣಿ ಕಟ್ಟಿದ ಮುಚ್ಚಳ, ಟಿವಿ ಮೇಲಿನ ಹೊದಿಕೆ ಎಲ್ಲವನ್ನೂ ದೊಡ್ಡಮ್ಮನ ಪಕ್ಕದಲ್ಲಿ ಕುಳಿತು ಹೆಣೆದಿದ್ದೇನೆ. ಆದರೂ ಲೋಟದ ಅಡಿಗೆ ಇಡುವ ಅಂಗೈಯಗಲದ ಒಂದು ಚಕ್ರವನ್ನು ಅಂದವಾಗಿ ಹೆಣೆಯಲು ನನಗೆ ನಾಲ್ಕು ಪ್ರಯತ್ನಗಳು ಬೇಕಾದವು. ಸುಲಭವಾದ ಹೆಣಿಗೆಗಳನ್ನು ಬಿಟ್ಟು ಉಬ್ಬು ಹೆಣಿಗೆಗಳಿಗೆ ಕೈ ಹಾಕಿದ್ದೇ ಅದಕ್ಕೆ ಕಾರಣ.

ಮೊದಲನೆಯದರಲ್ಲಿ ಚಕ್ರದ ನಟ್ಟನಡುವೆ, ಮೊಗ್ಗಿನಂತೆ ಉಬ್ಬಿ ನಿಲ್ಲುವ ಪಾಪ್‌ಕಾರ್ನ್ ಹೆಣಿಗೆಯಿಂದ ಆರು ಎಸಳಿನ ಹೂವೊಂದನ್ನು ಎಬ್ಬಿಸಿದ್ದೆ. ಗೋಡೆಗೆ ತೂಗುಹಾಕಿದ್ದರೆ ಅದು ನಿಜಕ್ಕೂ ಚೆನ್ನಾಗಿಯೇ ಕಾಣುತ್ತಿತ್ತು. ಅದರ ಮೇಲೆ ಕಾಫಿ ಲೋಟವನ್ನು ಇಟ್ಟದ್ದೇ ತಡ, ಲೋಟ ಒಂದು ಬದಿಗೆ ವಾಲಿ ಅರ್ಧ ಕಾಫಿ ನೆಲದ ಪಾಲಾಯಿತು. "ಲೋಟವೇ ನೆಟ್ಟಗೆ ನಿಲ್ಲದ ಮೇಲೆ ಈ ಹೂವು ಕಟ್ಟಿಕೊಂಡು ಏನು ಮಾಡ್ತೀಯೇ?" ಎಂದು ದೊಡ್ಡಮ್ಮ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಸಂಜೆ ಅಳತೆ ಪಟ್ಟಿ ಹಿಡಿದು ಮನೆಯ ಸ್ಟೀಲ್ ಲೋಟಗಳ ತಳವನ್ನೆಲ್ಲ ಅಳೆದೆ. ಹೆಚ್ಚಿನವು 5.5 ಸೆಂಟಿಮೀಟರ್ ಅಗಲವಿದ್ದವು. ದೊಡ್ಡದೊಂದು 6ಕ್ಕೆ ಮುಟ್ಟುತ್ತಿತ್ತು. ಹಾಗಾಗಿ ನಡುವಿನ 7 ಸೆಂಟಿಮೀಟರ್ ಪೂರ್ತಿ ಸಪಾಟಾಗಿರಬೇಕು, ಕೈಚಳಕವೆಲ್ಲ ಅದರ ಹೊರಗೆ ಎಂದು ತೀರ್ಮಾನಿಸಿಕೊಂಡೆ. ಮುಂದಿನ ಲೆಕ್ಕಗಳೆಲ್ಲ ಈ ತೀರ್ಮಾನದಿಂದಲೇ ಹುಟ್ಟಿದವು.

ದಾರದ ವಿಷಯದಲ್ಲಿ ನಾನು ಹತ್ತಿಯನ್ನು ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ಅಕ್ರಿಲಿಕ್ ಉಲ್ಲನ್ ಅಗ್ಗವೂ ಹೌದು, ಬಣ್ಣಗಳೂ ಧಾರಾಳ. ಆದರೆ ಅದು ನೀರನ್ನು ಹೀರುವುದಿಲ್ಲವಾದ್ದರಿಂದ ಲೋಟದಿಂದ ಇಳಿದ ಹನಿ ಎಳೆಗಳ ನಡುವಿನಿಂದ ಜಾರಿ ಮರದ ಮೇಲೆಯೇ ನಿಲ್ಲುತ್ತದೆ, ಮೇಲಾಗಿ ಬಿಸಿ ಹಬೆ ತಾಗಿದರೆ ಆ ಉಲ್ಲನ್ ಮೆತ್ತಗಾಗಿ ತನ್ನ ಆಕಾರವನ್ನೇ ಕಳೆದುಕೊಳ್ಳುತ್ತದೆ. ನಾನು ಬಳಸಿದ್ದು ನಾಲ್ಕು ಎಳೆಯ ಹತ್ತಿ ದಾರ ಮತ್ತು 2.5 ಮಿಲಿಮೀಟರ್ ಕಡ್ಡಿ. ಬಣ್ಣಗಳನ್ನು ಆರಿಸಿಕೊಟ್ಟದ್ದು ನಮ್ಮ ಸೀಮೆಯ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆದ, ಒಂದರ ಮೇಲೊಂದು ಹಾಯುವ ಆ ಗೆರೆಗಳು ಬಹಳ ದಿನಗಳಿಂದ ನನ್ನ ತಲೆಯಲ್ಲಿದ್ದವು. ಕೆಂಪು ದಾರದಲ್ಲಿ ಕಾಫಿಯ ಕಲೆ ಕಾಣುವುದಿಲ್ಲ ಎಂಬ ಲಾಭವೂ ಇತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿಕೊಂಡು ಹೆಣೆಯುವ ಎತ್ತರದ ಹೊಲಿಗೆಯಾದ ಡಬಲ್ ಕ್ರೋಶೆಯನ್ನು ದೊಡ್ಡಮ್ಮ 'ಕಂಬ' ಎಂದು ಕರೆಯುತ್ತಾಳೆ. ನನಗೂ ಅದೇ ರೂಢಿ. ಅಮೆರಿಕದ ಕ್ರಮದಲ್ಲಿ ಡಬಲ್ ಎನಿಸಿಕೊಳ್ಳುವ ಹೆಣಿಗೆಯೇ ಬ್ರಿಟಿಷ್ ಕ್ರಮದಲ್ಲಿ ಟ್ರೆಬಲ್ ಆಗುವುದರಿಂದ, 'ಕಂಬ' ಎಂದರೆ ಗೊಂದಲವೂ ಇಲ್ಲ. ಸರಿಯುವ ಕುಣಿಕೆಯೊಂದನ್ನು ಮಾಡಿಕೊಂಡು ಅದರೊಳಗೆ 12 ಕಂಬ, ಎರಡನೆಯ ಸುತ್ತಿನಲ್ಲಿ ಪ್ರತಿ ಕಂಬದ ತಲೆಯಲ್ಲಿ ಎರಡೆರಡರಂತೆ 24, ಮೂರನೆಯದರಲ್ಲಿ ಒಂದು ಬಿಟ್ಟು ಒಂದರಲ್ಲಿ ಹೆಚ್ಚಿಸಿ 36 ಕಂಬ ಹೆಣೆದೆ. ಸುತ್ತಿಗೆ 12ರಂತೆ ಹೆಚ್ಚುತ್ತ ಹೋದರೆ ಚಕ್ರ ಸಪಾಟಾಗಿ ಕೂರುತ್ತದೆ. ಕಡಿಮೆಯಾದರೆ ಬಟ್ಟಲಿನಂತೆ ಮೇಲೇಳುತ್ತದೆ, ಹೆಚ್ಚಾದರೆ ಅಂಚು ನಿರಿಗೆ ಕಟ್ಟುತ್ತದೆ. ನಾಲ್ಕನೆಯ ಸುತ್ತು ಗಿಡ್ಡನೆಯ ಸಿಂಗಲ್ ಕ್ರೋಶೆ. ಅದಕ್ಕೆ ಸುತ್ತಿಗೆ 6 ಹೆಚ್ಚಿದರೆ ಸಾಕಾದ್ದರಿಂದ ಒಟ್ಟು 42 ಆಯಿತು. ಈ ಸುತ್ತಿನಲ್ಲಿ ಹೊಲಿಗೆಯ ತಲೆಯ ಎರಡು ಎಳೆಗಳಲ್ಲಿ ಹಿಂದಿನದಕ್ಕೆ ಮಾತ್ರ ಕಡ್ಡಿಯನ್ನು ಚುಚ್ಚಿದೆ. ಹಾಗೆ ಮಾಡಿದಾಗ ಮುಂದೆ ಉಳಿದ ಎಳೆಗಳು ಸಾಲಾಗಿ ಒಂದು ತೆಳುವಾದ ಬಳೆಯಂತೆ ಕಾಣುತ್ತವೆ. ಲೋಟವನ್ನು ಎಲ್ಲಿ ಇಡಬೇಕೆಂಬುದಕ್ಕೆ ಅದೇ ಗುರುತು.

ಐದನೆಯ ಸುತ್ತು ಪಾಪ್‌ಕಾರ್ನ್‌ನದು. ಒಂದೇ ಹೊಲಿಗೆಯಲ್ಲಿ ಐದು ಕಂಬ ಹೆಣೆದು, ಕಡ್ಡಿಯನ್ನು ಕುಣಿಕೆಯಿಂದ ಹೊರಗೆ ತೆಗೆದು, ಮೊದಲ ಕಂಬದ ತಲೆಗೆ ಮುಂದಿನಿಂದ ಹಿಂದಕ್ಕೆ ಚುಚ್ಚಿ, ಬಿಟ್ಟಿದ್ದ ಕುಣಿಕೆಯನ್ನು ಅದರೊಳಗಿನಿಂದ ಎಳೆದು ಒಂದು ಸರಪಳಿ ಕುಣಿಕೆ, ಅಂದರೆ ಚೈನ್‌ನಿಂದ ಬಿಗಿಮಾಡಿದರೆ, ಐದೂ ಕಂಬಗಳು ಮಡಚಿಕೊಂಡು ಪುಟ್ಟ ಮೊಗ್ಗಾಗಿ ಮುಂದಕ್ಕೆ ಉಬ್ಬುತ್ತವೆ. 'ಮುಂದಿನಿಂದ ಹಿಂದಕ್ಕೆ' ಎಂಬುದೇ ಇಲ್ಲಿ ಮುಖ್ಯ. ನನ್ನ ಎರಡನೆಯ ಪ್ರಯತ್ನದಲ್ಲಿ ಕರೆಂಟ್ ಹೋಗಿ ಮೊಬೈಲ್ ಬೆಳಕಿನಲ್ಲಿ ಹೆಣೆಯುತ್ತ ಕಡ್ಡಿಯನ್ನು ಹಿಂದಿನಿಂದ ಚುಚ್ಚಿದ್ದೇ ಚುಚ್ಚಿದ್ದು. ಬೆಳಿಗ್ಗೆ ನೋಡಿದರೆ ಮೊಗ್ಗುಗಳೆಲ್ಲ ಅಡಿಗೆ ಉಬ್ಬಿ, ಚಕ್ರವು ಹದಿನಾಲ್ಕು ಕಾಲಿನ ಹುಳುವಿನಂತೆ ಟೀಪಾಯಿಯ ಮೇಲೆ ನಿಂತಿತ್ತು. ಮೊಗ್ಗಿನ ಜಾಗದಲ್ಲಿ ಪಫ್ ಹೆಣಿಗೆ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆಂಬುದು ನಿಜವಾದರೂ ಅದು ಹತ್ತಿಯ ಉಂಡೆಯಂತೆ ಒಳಗೂ ತುಂಬಿಕೊಂಡಿರುವುದರಿಂದ ಒಮ್ಮೆ ನೆನೆದರೆ ನಮ್ಮ ಆಷಾಢದ ಥಂಡಿಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಪಾಪ್‌ಕಾರ್ನ್ ಮೊಗ್ಗು ಒಳಗೆ ಟೊಳ್ಳು. ಪ್ರತಿ ಮೊಗ್ಗಿನ ಬಳಿಕ ಒಂದು ಕಂಬ, ಒಂದು ಚೈನ್, ಮತ್ತೊಂದು ಕಂಬ. ಮೂರು ಹೊಲಿಗೆಗೆ ಒಂದು ಮೊಗ್ಗಿನಂತೆ 42ರಲ್ಲಿ 14 ಮೊಗ್ಗು ಕೂರುತ್ತವೆ, ನಡುವಿನ ಚೈನನ್ನೂ ಸೇರಿಸಿ ಸುತ್ತಿನ ಲೆಕ್ಕ 56ಕ್ಕೆ ಏರುತ್ತದೆ.

ಆರನೆಯ ಸುತ್ತಿಗೆ ಬಿಳಿ ದಾರವನ್ನು ಹಿಡಿದೆ. ಇಲ್ಲಿ ಮೊಗ್ಗುಗಳ ನಡುವಿನ ಕಂಬಗಳ ತಲೆಗೆ ಕಡ್ಡಿಯನ್ನು ಚುಚ್ಚುವುದಿಲ್ಲ. ಮುಂಭಾಗದಿಂದ ಕಂಬದ ಬಲಕ್ಕೆ ತೂರಿಸಿ, ಹಿಂದೆ ಹಾಯಿಸಿ, ಎಡಕ್ಕೆ ಹೊರತೆಗೆದು, ಇಡೀ ಕಂಬವನ್ನೇ ಬಳಸಿಕೊಂಡು ಬರಬೇಕು. ದಾರವನ್ನು ಮೊದಲೇ ಎರಡು ಸುತ್ತು ಸುತ್ತಿಕೊಂಡಿದ್ದರೆ ಕಂಬಕ್ಕಿಂತ ಉದ್ದನೆಯ ಟ್ರೆಬಲ್ (ಅಮೆರಿಕದ ಕ್ರಮದ್ದು) ಆಗಿ ಅದು ಕೆಂಪಿನ ಮೇಲೆ ಬಿಳಿ ಗೆರೆಯಂತೆ ಮಲಗುತ್ತದೆ. ಮೊಗ್ಗಿನ ಪಕ್ಕದ ಎರಡು ಕಂಬಗಳಲ್ಲಿ ಮೊದಲು ಎರಡನೆಯದನ್ನು ಬಳಸಿ ಒಂದು ಟ್ರೆಬಲ್ ಹಾಕಿ, ಅದನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿಹಿಡಿದು, ಅದರ ಹಿಂದಿನ ಚೈನ್ ಸಂದಿಯಲ್ಲಿ ಒಂದು ಸಾದಾ ಕಂಬ ಹೆಣೆದು, ಆಮೇಲೆ ಹಿಂದಿರುಗಿ ಬಂದು ಮೊದಲನೆಯ ಕಂಬಕ್ಕೆ ಇನ್ನೊಂದು ಟ್ರೆಬಲ್ ಹಾಕಿದಾಗ ಎರಡೂ ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಎರಡನೆಯ ಗೆರೆ ಯಾವಾಗಲೂ ಮೊದಲನೆಯದರ ಮುಂದೆಯೇ ಹಾಯಬೇಕು. ಒಂದು ಕಡೆ ಹಿಂದೆ ಹೋದರೂ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಹಸೆ ಚಿತ್ತಾರ ಬಿಡಿಸುವವರ ಕೈಯ ಸಲೀಸು ನನ್ನ ಕಡ್ಡಿಗೆ ಬಂದಿಲ್ಲವಾದರೂ ಹದಿನಾಲ್ಕು ಬಿಳಿ ಕತ್ತರಿಗಳು ಹದಿನಾಲ್ಕು ಕೆಂಪು ಮೊಗ್ಗುಗಳ ನಡುವೆ ಬಂದು ಕುಳಿತಾಗ ದೊಡ್ಡಮ್ಮನೂ ಕನ್ನಡಕ ಹಾಕಿಕೊಂಡು ನೋಡಿದಳು.

ಮೂರನೆಯ ಪ್ರಯತ್ನದಲ್ಲಿ ಇದೇ ಸುತ್ತು ನನಗೆ ಕೈಕೊಟ್ಟಿತ್ತು. ಮೊಗ್ಗಿನ ತಲೆಯಲ್ಲಿ ಒಂದೇ ಕಂಬ ಹಾಕಿ 56ನ್ನೇ ಉಳಿಸಿಕೊಂಡಿದ್ದರಿಂದ ಅಂಚು ದೊನ್ನೆಯಂತೆ ಮೇಲಕ್ಕೆ ಮುದುಡಿತು. ಕಂಬವನ್ನು ಬಳಸುವ ಹೆಣಿಗೆ ಸುತ್ತನ್ನು ಒಳಕ್ಕೆ ಜಗ್ಗುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾಲ್ಕನೆಯದರಲ್ಲಿ ಮೊಗ್ಗಿನ ತಲೆಗೆ ಎರಡು ಕಂಬದಂತೆ ಒಟ್ಟು 70 ಮಾಡಿದೆ. ಬರೀ ಕಂಬಗಳಿದ್ದಿದ್ದರೆ ಅಷ್ಟಕ್ಕೆ ಅಂಚು ನಿರಿಗೆಯಾಗಬೇಕಿತ್ತು. ಟ್ರೆಬಲ್‌ಗಳ ಜಗ್ಗಾಟದಿಂದ ಅದು ಸರಿಯಾಗಿ ಕುಳಿತುಕೊಂಡಿತು. ಕೊನೆಯ ಸುತ್ತು ಮತ್ತೆ ಕೆಂಪು ದಾರದ ಕ್ರ್ಯಾಬ್ ಹೆಣಿಗೆ, ಎಂದರೆ ಎಡದಿಂದ ಬಲಕ್ಕೆ ಹಿಮ್ಮುಖವಾಗಿ ಹೋಗುವ ಸಿಂಗಲ್ ಕ್ರೋಶೆ. ಹಗ್ಗ ಹೊಸೆದಂತಹ ಅಂಚು ಬರುತ್ತದೆ. ಕೈ ಬಿಗಿಯಾದರೆ ಅಂಚು ಮೇಲಕ್ಕೆ ಸುರುಳುವುದರಿಂದ ಈ ಒಂದು ಸುತ್ತಿಗೆ 3 ಮಿಲಿಮೀಟರ್ ಕಡ್ಡಿಯನ್ನು ಹಿಡಿದೆ.

ಹೆಣೆದು ಮುಗಿದ ಮೇಲೆ ಚಕ್ರವನ್ನು ನೆನೆಸಿ, ದಪ್ಪಗೆ ಮಡಿಸಿದ ಜಮಖಾನದ ಮೇಲೆ ತುಕ್ಕು ಹಿಡಿಯದ ಗುಂಡುಸೂಜಿಗಳಿಂದ ಹರಡಿ ಚುಚ್ಚಿ ಒಣಗಿಸಬೇಕು. ಮೂರನೆಯ ಚಕ್ರವನ್ನು ಹಾಗೆ ಹರಡಿದಾಗ ಕೆಂಪು ಬಣ್ಣ ಬಿಟ್ಟು ಬಿಳಿ ಗೆರೆಗಳೆಲ್ಲ ಗುಲಾಬಿಯಾಗಿದ್ದವು. ಈಗ ಕೆಂಪು ದಾರವನ್ನು ಲಡಿ ಮಾಡಿಕೊಂಡು, ನೀರು ತಿಳಿಯಾಗುವವರೆಗೆ ಮೊದಲೇ ತೊಳೆದು ಒಣಗಿಸಿಕೊಂಡೇ ಕಡ್ಡಿ ಹಿಡಿಯುತ್ತೇನೆ. ಗಡುಸಾಗಿ ನಿಲ್ಲಲಿ ಎಂದು ಗಂಜಿ ತಿಳಿಯಲ್ಲಿ ಅದ್ದುವುದು ಹಳೆಯ ಪದ್ಧತಿ. ಬೇಸಿಗೆಯಲ್ಲಿ ಅದು ಸೊಗಸು. ಮಳೆಗಾಲದಲ್ಲಿ ಗಂಜಿ ಹಾಕಿದ ಚಕ್ರಕ್ಕೆ ನಾಲ್ಕೇ ದಿನದಲ್ಲಿ ಬೂಷ್ಟು ಬಂದದ್ದನ್ನು ಕಂಡ ಮೇಲೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಜಿಯ ಗೊಡವೆಗೆ ಹೋಗದೆ ಬಚ್ಚಲೊಲೆಯ ಮೇಲಿನ ಹಗ್ಗದ ಹತ್ತಿರವೇ ಜಮಖಾನವನ್ನು ಹಾಸಿ ಒಣಗಿಸುತ್ತೇನೆ. ಹೊಗೆಯ ವಾಸನೆ ಒಂದಿಷ್ಟು ಅಂಟುತ್ತದೆ. ಕಷಾಯ ಕುಡಿಯುವವರು ಅದಕ್ಕೆ ತಕರಾರು ಮಾಡಿಲ್ಲ.

ಹೀಗೆ ಮುಗಿದ ಚಕ್ರ 11.5 ಸೆಂಟಿಮೀಟರ್ ಅಗಲವಿದೆ. ಈಗ ಒಂದಕ್ಕೆ ಎರಡೂವರೆ ಗಂಟೆ ಹಿಡಿಯುತ್ತದೆ, ಮೊಗ್ಗಿನ ಸುತ್ತಿಗೇ ಮುಕ್ಕಾಲು ಗಂಟೆ. ತಳ ಅಗಲವಾದ ಗಾಜಿನ ಮಗ್‌ಗೆ ಈ ಅಳತೆ ಸಾಲದು. ಅದು ಮೊಗ್ಗುಗಳ ಮೇಲೆ ಕುಳಿತು ಮತ್ತೆ ಅಲುಗುತ್ತದೆ. ಶಿವಮೊಗ್ಗದಲ್ಲಿರುವ ತಂಗಿಗೆ ಮಗ್‌ನಲ್ಲಿ ಚಹಾ ಕುಡಿದೇ ಅಭ್ಯಾಸವಾದ್ದರಿಂದ ಅವಳಿಗಾಗಿ ಕಂಬದ ಇನ್ನೊಂದು ಸುತ್ತನ್ನು ಸೇರಿಸಿ 48 ಮಾಡಿ, ಸಿಂಗಲ್ ಕ್ರೋಶೆಯಲ್ಲಿ 54ಕ್ಕೆ ಏರಿಸಿ, 18 ಮೊಗ್ಗಿನದೊಂದನ್ನು ಹೆಣೆಯುತ್ತಿದ್ದೇನೆ. ಹದಿನಾಲ್ಕು ಕಾಲಿನ ಚಕ್ರವನ್ನು ನಾನು ಬಿಚ್ಚಬೇಕೆಂದಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ಅದನ್ನು ಅಡುಗೆಮನೆಗೆ ಒಯ್ದು ಬಿಸಿ ಸಾರಿನ ಪಾತ್ರೆಯ ಅಡಿಗೆ ಹಾಕಿಕೊಂಡಿದ್ದಾಳೆ.